ಸೈಡ್ ಪ್ಯಾನೆಲ್ ಮುಚ್ಚುತ್ತಿಲ್ಲ, ಬೇಡದ ವೈರು ಕತ್ತರಿಸಲೇ?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದು ನಾನೇ ಹಾಕಿದೆ. ಅದಕ್ಕೆ 8 ಪಿನ್ನಿನ ಎರಡು ಪವರ್ ಕೇಬಲ್ ಬೇಕು. ನನ್ನ ಎಸ್‌ಎಂಪಿಎಸ್‌ನಲ್ಲಿ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಇದ್ದದ್ದು ಒಂದೇ. ಇನ್ನೊಂದಕ್ಕೆ ಅಂತ ಮಾರಿದವರೇ ಒಂದು ಕನ್ವರ್ಟರ್ ಕೇಬಲ್ ಕೊಟ್ಟರು. ಈಗ ಒಳಗೆಲ್ಲ ವೈರು ತುಂಬಿಕೊಂಡಿದೆ. ಮದರ್‌ಬೋರ್ಡಿನ ಬೆನ್ನ ಕಡೆಯ ಸೈಡ್ ಪ್ಯಾನೆಲ್ ಮುಚ್ಚುವುದಿಲ್ಲ, ಮೊಣಕಾಲಲ್ಲಿ ಒತ್ತಿ ಹಿಡಿದು ಸ್ಕ್ರೂ ಹಾಕಬೇಕು. ಆಗಾಗ ಕರ್ ಕರ್ ಅಂತ ಸದ್ದು ಬೇರೆ. ವೈರು ನೀಟಾಗಿ ಕಟ್ಟಿದರೆ ಬಿಸಿ ಕಡಿಮೆ ಆಗುತ್ತದಾ? ಬಳಸದ ವೈರುಗಳನ್ನು ಕತ್ತರಿಸಿ ಹಾಕಬಹುದಾ? ಅಂಗಡಿಯವರು ಕ್ಯಾಬಿನೆಟ್ಟನ್ನೇ ಬದಲಾಯಿಸಿ ಅನ್ನುತ್ತಿದ್ದಾರೆ.
ದಾವಣಗೆರೆಯ ಓದುಗರು

ಉತ್ತರ: ಮೊದಲು ಕತ್ತರಿ ಕೆಳಗಿಡಿ. ವೈರು ಕತ್ತರಿಸುವುದು ಬೇಡ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಕ್ಯಾಬಿನೆಟ್ ಬದಲಾಯಿಸುವುದೂ ಸದ್ಯಕ್ಕೆ ಬೇಡ. ನಿಮ್ಮ ಪ್ರಶ್ನೆ ಓದಿ ನನಗೆ ನಿಜವಾಗಿ ದಿಗಿಲಾದದ್ದು ಆ ಕನ್ವರ್ಟರ್ ಕೇಬಲ್ ವಿಷಯಕ್ಕೆ. ಅದೊಂದು ಇತ್ಯರ್ಥ ಆಗುವವರೆಗೆ ಈ ಪಿಸಿಯಲ್ಲಿ ಗೇಮ್ ಆಡಬೇಡಿ.

ಬಿಸಿಯ ಪ್ರಶ್ನೆಗೆ ಬೇಗ ಉತ್ತರ ಹೇಳಿ ಮುಗಿಸುತ್ತೇನೆ. ವೈರು ಕಟ್ಟಿದರೆ ಪಿಸಿ ತಣ್ಣಗಾಗುತ್ತದೆ ಅನ್ನುವ ಮಾತು ಹಳೆಯ ಕಾಲದ್ದು. ಆಗ ಅದು ನಿಜವೂ ಆಗಿತ್ತು. ಹಾರ್ಡ್ ಡಿಸ್ಕಿಗೂ ಸಿಡಿ ಡ್ರೈವಿಗೂ ಐಡಿಇ ಕೇಬಲ್ ಹಾಕುತ್ತಿದ್ದ ದಿನಗಳವು. ಸುಮಾರು ಎರಡಿಂಚು ಅಗಲದ ಬೂದು ಬಣ್ಣದ ಪಟ್ಟಿ, ಅರ್ಧ ಮೀಟರಿಗೆ ಸ್ವಲ್ಪ ಕಮ್ಮಿ ಉದ್ದ. ಅಂಥವು ಎರಡಿದ್ದರೆ ಫ್ಯಾನಿನ ಎದುರು ಪರದೆ ಇಳಿಬಿಟ್ಟ ಹಾಗೇ. 2003ರ ಸುಮಾರಿಗೆ ಸಾಟಾ ಬಂತು, ಪಟ್ಟಿ ಹೋಗಿ ಕಿರುಬೆರಳಿನಷ್ಟು ಅಗಲದ ಕೇಬಲ್ ಆಯಿತು. ಈಗ ಹಾರ್ಡ್ ಡಿಸ್ಕಿನ ಜಾಗಕ್ಕೆ ಬಂದ ಎಂ.2 ಎಸ್‌ಎಸ್‌ಡಿ ಮದರ್‌ಬೋರ್ಡಿನ ಮೇಲೇ ಕೂತುಬಿಡುತ್ತದೆ, ಕೇಬಲ್ಲೇ ಇಲ್ಲ.

ಹಾಗಾಗಿ ಈಗಿನ ಕ್ಯಾಬಿನೆಟ್‌ನಲ್ಲಿ ವೈರು ನೀಟು ಮಾಡಿದರೆ ನಾನು ಕಂಡ ಮಟ್ಟಿಗೆ ಇಳಿಯುವುದು ಒಂದೋ ಎರಡೋ ಡಿಗ್ರಿ. ಮುಂದಿನ ಜಾಲರಿಯ ಧೂಳು ತೆಗೆದರೆ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಒಂದೇ ಒಂದು ಕಡೆ ಮಾತ್ರ ನೋಡಿಕೊಳ್ಳಿ. ಗಾಳಿ ಒಳಗೆ ಎಳೆಯುವ ಮುಂದಿನ ಫ್ಯಾನಿನ ಬೆನ್ನಿಗೇ ವೈರಿನ ಗಂಟು ತುರುಕಿರುತ್ತಾರೆ, ಹಾರ್ಡ್ ಡಿಸ್ಕ್ ಕೂರುವ ಗೂಡು ಖಾಲಿ ಇದೆಯಲ್ಲ ಅಂತ. ಅಲ್ಲಿದ್ದರೆ ತೆಗೆಯಿರಿ. ಉಳಿದ ಕಡೆ ಇದ್ದರೆ ಗಾಳಿ ಸುತ್ತಿಕೊಂಡು ಹೋಗುತ್ತದೆ, ಅದಕ್ಕೇನೂ ನಾಚಿಕೆಯಿಲ್ಲ.

ಮತ್ತೆ ಯಾಕೆ ಕಟ್ಟಬೇಕು ಅಂತ ಕೇಳುತ್ತೀರಿ. ನಿಮ್ಮ ಆ ಕರ್ ಕರ್ ಸದ್ದೇ ಒಂದು ಕಾರಣ. ಹತ್ತಕ್ಕೆ ಒಂಬತ್ತು ಸಲ ಅದು ಯಾವುದೋ ಸಣ್ಣ ವೈರು ಫ್ಯಾನಿನ ರೆಕ್ಕೆಗೆ ತಾಗುವ ಸದ್ದು. ಪಿಸಿ ತಣ್ಣಗಿದ್ದಾಗ ಫ್ಯಾನ್ ನಿಧಾನ, ಕೆಲಸ ಹೆಚ್ಚಾದಾಗ ಜೋರು. ಅದಕ್ಕೇ ಸದ್ದು ಆಗಾಗ ಬರುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ ದಿನಾ ಒಂದಿಷ್ಟು ಸವೆಯುತ್ತದೆ, ಇಲ್ಲವೇ ವೈರು ಒಳಗೆ ಸಿಕ್ಕಿಕೊಂಡು ಫ್ಯಾನೇ ನಿಲ್ಲುತ್ತದೆ. ಎರಡನೆಯದು, ಎಳೆತ. ಬಿಗಿಯಾಗಿ ಜಗ್ಗಿ ನಿಂತ ಕೇಬಲ್ ತನ್ನ ಪ್ಲಗ್ಗನ್ನು ಒಂದು ಕಡೆಗೆ ವಾಲಿಸುತ್ತದೆ. ಹೊರಗಿನಿಂದ ನೋಡಿದರೆ ಕೂತಿದೆ ಅನ್ನಿಸುತ್ತದೆ, ಒಳಗೆ ಪಿನ್ನು ಅರ್ಧ ಮಾತ್ರ ಹಿಡಿದಿರುತ್ತದೆ. ಮೂರನೆಯದು, ನಾಳೆ ಒಂದು ರ್‍ಯಾಮ್ ಹಾಕಬೇಕಾದರೆ ಕೈ ಹೋಗಬೇಕಲ್ಲ!

ಈಗ ಆ ಕನ್ವರ್ಟರ್. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

8 ಪಿನ್ನಿನ ಒಂದು ಗ್ರಾಫಿಕ್ಸ್ ಪವರ್ ಪ್ಲಗ್ ಅಂದರೆ 150 ವ್ಯಾಟ್‌ವರೆಗೆ ಕರೆಂಟ್ ಒಯ್ಯುವ ದಾರಿ. 12 ವೋಲ್ಟಿನಲ್ಲಿ ಅದು ಹನ್ನೆರಡೂವರೆ ಆಂಪಿಯರ್. ಅಸಲಿ ಕೇಬಲ್‌ನಲ್ಲಿ ಅದನ್ನು ಹೊರುವುದಕ್ಕೆ ಮೂರು ಹಳದಿ ವೈರು ಇರುತ್ತವೆ. ತಲಾ ನಾಲ್ಕು ಆಂಪಿಯರ್ ಚಿಲ್ಲರೆ, ಸಲೀಸು. ನಿಮ್ಮ ಕನ್ವರ್ಟರ್‌ನ ಇನ್ನೊಂದು ತುದಿ ಹೇಗಿದೆ ನೋಡಿ. ಹಾರ್ಡ್ ಡಿಸ್ಕಿಗೆ ಹಾಕುವ ಚಪ್ಪಟೆ ಸಾಟಾ ಪ್ಲಗ್ ಇದ್ದರೆ ಯೋಚನೆಯೇ ಬೇಡ, ಇವತ್ತೇ ತೆಗೆಯಿರಿ. ಸಾಟಾ ಪ್ಲಗ್ಗಿನಲ್ಲಿ 12 ವೋಲ್ಟಿಗೆ ಮೂರು ಪಿನ್ನು, ಒಂದೊಂದಕ್ಕೆ ಒಂದೂವರೆ ಆಂಪಿಯರ್. ಒಟ್ಟು ನಾಲ್ಕೂವರೆ, ಅಂದರೆ 54 ವ್ಯಾಟ್. ಅದರಿಂದ 150 ವ್ಯಾಟ್ ಎಳೆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು ದಪ್ಪ ಪಿನ್ನಿನ ಬಿಳಿ ಮೋಲೆಕ್ಸ್ ಪ್ಲಗ್ ಇದ್ದರೆ ಸ್ವಲ್ಪ ವಾಸಿ. ಸ್ವಲ್ಪವೇ. ಅದರಲ್ಲಿ ಹಳದಿ ವೈರು ಒಂದೇ. ಕನ್ವರ್ಟರ್ ಮಾಡಿದವರು ಜಾಣರು, ಎರಡು ಮೋಲೆಕ್ಸ್ ಸೇರಿಸಿ ಒಂದು 8 ಪಿನ್ ಮಾಡಿರುತ್ತಾರೆ. ಆದರೆ ಆ ಎರಡನ್ನೂ ನೀವು ಎಸ್‌ಎಂಪಿಎಸ್‌ನಿಂದ ಬಂದ ಒಂದೇ ಎಳೆಯಲ್ಲಿರುವ ಎರಡು ಪ್ಲಗ್ಗಿಗೆ ಹಾಕಿರುತ್ತೀರಿ, ಯಾಕೆಂದರೆ ಅವು ಪಕ್ಕಪಕ್ಕ ಇರುತ್ತವೆ. ಹಿಂದಕ್ಕೆ ಹೋಗಿ ನೋಡಿದರೆ ಎಲ್ಲ ಭಾರವೂ ಒಂದೇ ಹಳದಿ ವೈರಿನ ಮೇಲೆ. ಮೂರು ವೈರು ಹೊರುವುದನ್ನು ಒಂದು ಹೊರುತ್ತಿದೆ. ಕರೆಂಟು ಮೂರು ಪಟ್ಟಾದರೆ ವೈರಿನ ಬಿಸಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಆ ಮೋಲೆಕ್ಸ್ ಪಿನ್ನುಗಳಂತೂ ನಾಲ್ಕು ಸಲ ಹಾಕಿ ತೆಗೆದರೆ ಸಡಿಲ, ಬಿಸಿ ಮೊದಲು ಹುಟ್ಟುವುದು ಅಲ್ಲೇ.

ಇದನ್ನು ಯಾಕೆ ಇಷ್ಟು ಎಳೆದೆ ಅಂದರೆ, ಎಲ್ಲರೂ ಮೊದಲು ಗಂಟು ಕಟ್ಟಿ ಬೆನ್ನ ಹಿಂದೆ ಬಚ್ಚಿಡುವುದು ಇಂಥ ಕೇಬಲ್ಲನ್ನೇ. ನೋಡೋಕೆ ಅಸಹ್ಯ ಅಲ್ವಾ, ಅದಕ್ಕೆ. ನಾಲ್ಕಾರು ವೈರಿನ ಜೊತೆ ಬಿಗಿದು, ಗಾಳಿಯೇ ಆಡದ ಜಾಗಕ್ಕೆ ತುರುಕಿ, ಮೇಲೆ ಪ್ಯಾನೆಲ್ ಒತ್ತಿ ಮುಚ್ಚಿದರೆ ಬಿಸಿಗೆ ಹೋಗಲು ದಾರಿಯಿಲ್ಲ. ನನ್ನ ಬಳಿ ಬಂದ ಒಂದು ಪಿಸಿಯಲ್ಲಿ ಮುಂದಿನ ಗಾಜಿನ ಕಡೆಯಿಂದ ನೋಡಿದರೆ ಫೋಟೋ ತೆಗೆಯೋಣ ಅನ್ನುವ ಹಾಗಿತ್ತು. ಹಿಂದೆ ತೆಗೆದರೆ ಬಿಳಿ ಪ್ಲಗ್ಗು ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಎರಡು ಪ್ಲಗ್ಗು ಒಂದಕ್ಕೊಂದು ಕರಗಿ ಅಂಟಿದ್ದವು. ಹಾಗಾಗಿ ಕಟ್ಟುವ ಮೊದಲು ಒಂದೊಂದು ಕೇಬಲ್ ಹಿಡಿದು ಕೇಳಿ: ಇದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತಿದೆ, ಎಷ್ಟು ಹೊರುತ್ತಿದೆ?

ಇನ್ನು ಕತ್ತರಿಸುವ ವಿಷಯ. ಎಸ್‌ಎಂಪಿಎಸ್‌ನಿಂದ ಬರುವ ವೈರುಗಳಲ್ಲಿ ಬಳಸದೆ ಇರುವುದು ಅಂದರೆ ಕರೆಂಟಿಲ್ಲದ್ದು ಅಂತಲ್ಲ. ಪಿಸಿ ಆನ್ ಆದೊಡನೆ ಹಳದಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5 ವೋಲ್ಟ್ ಇದ್ದೇ ಇರುತ್ತದೆ. ಪ್ಲಗ್ಗು ಇರುವವರೆಗೆ ಆ ತುದಿಗಳು ಪ್ಲಾಸ್ಟಿಕ್ಕಿನೊಳಗೆ ಸುರಕ್ಷಿತ. ಕತ್ತರಿಸಿದರೆ ಬರಿಯ ತಾಮ್ರ ಹೊರಗೆ. ಕ್ಯಾಬಿನೆಟ್ಟಿನ ತಗಡಿಗೆ ತಾಗಿತೋ, ಶಾರ್ಟ್. ಒಳ್ಳೆಯ ಎಸ್‌ಎಂಪಿಎಸ್ ಆದರೆ ತಾನೇ ಆಫ್ ಆಗುತ್ತದೆ, ಅಗ್ಗದ್ದಾದರೆ ಹೊಗೆ. ಟೇಪು ಸುತ್ತುತ್ತೇನೆ ಅನ್ನಬೇಡಿ. ನಮ್ಮ ಬೇಸಿಗೆಗೆ ಇನ್ಸುಲೇಷನ್ ಟೇಪಿನ ಅಂಟು ಕರಗಿ ಜಾರುವುದನ್ನು ಎಷ್ಟೋ ಸಲ ನೋಡಿದ್ದೇನೆ. ವೈರನ್ನು ಬುಡದಲ್ಲೇ ತೆಗೆಯೋಣ ಅಂತ ಎಸ್‌ಎಂಪಿಎಸ್ ಡಬ್ಬಿ ಬಿಚ್ಚುವುದಂತೂ ಬೇಡವೇ ಬೇಡ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್ ಹೊಡೆಯುತ್ತದೆ.

ಬೇಡದ ವೈರೇ ಇರಬಾರದು ಅನ್ನುವವರಿಗೆ ಮಾಡ್ಯುಲರ್ ಎಸ್‌ಎಂಪಿಎಸ್ ಇದೆ, ಬೇಕಾದ ಕೇಬಲ್ ಮಾತ್ರ ಸಿಕ್ಕಿಸಿಕೊಳ್ಳಬಹುದು. ನೀವು ಹೊಸದು ಕೊಳ್ಳುವ ಸಾಧ್ಯತೆ ಇರುವುದರಿಂದ ಇದೊಂದು ಕೇಳಿಸಿಕೊಳ್ಳಿ. ಕೆಲವು ವರ್ಷದ ಹಿಂದೆ ಒಬ್ಬರ ಮಾಡ್ಯುಲರ್ ಎಸ್‌ಎಂಪಿಎಸ್ ಕೆಟ್ಟಿತ್ತು. ಬೇರೆ ಕಂಪನಿಯ ಹೊಸದು ತಂದೆ. ಹಳೆಯ ಕೇಬಲ್ಲುಗಳನ್ನು ಅಷ್ಟು ನೀಟಾಗಿ ಕಟ್ಟಿದ್ದವನು ನಾನೇ. ಬಿಚ್ಚಲು ಮನಸ್ಸಾಗದೆ, ಹಳೆಯ ಸಾಟಾ ಕೇಬಲ್ಲನ್ನೇ ಹೊಸ ಡಬ್ಬಿಗೆ ಸಿಕ್ಕಿಸಿದೆ. ಸಲೀಸಾಗಿ ಕೂತಿತು. ಆನ್ ಮಾಡಿದೆ. ಎರಡು ಹಾರ್ಡ್ ಡಿಸ್ಕ್ ಒಟ್ಟಿಗೆ ಹೋದವು, ಒಂದರಲ್ಲಿ ಅವರ ಮಗಳ ಮದುವೆ ಫೋಟೋ. ಹಾರ್ಡ್ ಡಿಸ್ಕ್ ಕಡೆಯ ತುದಿ ಎಲ್ಲ ಕಂಪನಿಗೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಎಷ್ಟು ವೋಲ್ಟ್ ಅನ್ನುವುದು ಅವರವರ ಇಷ್ಟ. ಕೆಲವು ಸಲ ಒಂದೇ ಕಂಪನಿಯ ಎರಡು ಮಾಡೆಲ್‌ಗೂ ಹೊಂದುವುದಿಲ್ಲ. ಎಸ್‌ಎಂಪಿಎಸ್ ಬದಲಾಯಿಸಿದರೆ ಕೇಬಲ್ ಪೂರ್ತಿ ಬದಲಾಯಿಸಿ. ಕಟ್ಟಿದ ಅಂದಕ್ಕೆ ಮರುಳಾಗಬೇಡಿ, ನನ್ನ ಹಾಗೆ.

ಸರಿ, ಕೆಲಸಕ್ಕೆ ಇಳಿಯೋಣ. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಕೂತರೆ ಊಟದ ಹೊತ್ತಿಗೆ ಮುಗಿಯುತ್ತದೆ. ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಹಿಂದಿನ ಪವರ್ ಕೇಬಲ್ ಕಿತ್ತಿಡಿ. ಯುಪಿಎಸ್ ಇದ್ದರೆ ಅದರಿಂದಲೂ ಬಿಡಿಸಿ. ಆಮೇಲೆ ಪಿಸಿಯ ಪವರ್ ಬಟನ್ನನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ, ಮದರ್‌ಬೋರ್ಡಿನಲ್ಲಿ ಉಳಿದ ಕರೆಂಟು ಖಾಲಿಯಾಗುತ್ತದೆ. ಎರಡೂ ಪ್ಯಾನೆಲ್ ಬಿಚ್ಚಿ. ಯಾವುದನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ಹತ್ತು ಹದಿನೈದು ಫೋಟೋ ತೆಗೆಯಿರಿ. ಮುಖ್ಯವಾಗಿ ಬೋರ್ಡಿನ ಕೆಳಗಿನ ಬಲ ಮೂಲೆ. ಪವರ್ ಬಟನ್, ರೀಸೆಟ್, ಎರಡು ಎಲ್‌ಇಡಿಯ ಪುಟಾಣಿ ಪ್ಲಗ್ಗುಗಳು ಕೂರುವುದು ಅಲ್ಲೇ. ಕಿತ್ತು ಬಂದರೆ ಹುಡುಕಿ ಹಾಕಲು ಅರ್ಧ ಗಂಟೆ ಬೇಕು. ಬಟನ್ನಿನವು ತಿರುಗುಮುರುಗಾದರೂ ಕೆಲಸ ಮಾಡುತ್ತವೆ, ಎಲ್‌ಇಡಿಯವು ತಿರುಗಿದರೆ ಉರಿಯುವುದಿಲ್ಲ, ಅಷ್ಟೇ. ಹೊಸ ಯುಎಸ್‌ಬಿಯ ದಪ್ಪ ನೀಲಿ ಪ್ಲಗ್ಗನ್ನು ಮಾತ್ರ ಸುಮ್ನೆ ಅಲುಗಾಡಿಸಿ ಕೀಳಬೇಡಿ, ಬೋರ್ಡಿನ ಪಿನ್ನು ಬಾಗುತ್ತದೆ.

ಧೂಳು ಈಗಲೇ ತೆಗೆದುಬಿಡಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದು ಹಿಡಿಯಿರಿ. ಹಿಂಬದಿಯ ಸ್ಲಾಟಿನ ತಗಡು ಕಳೆದುಹೋಗಿದ್ದರೆ ಒಳಗೆ ಹಲ್ಲಿ ಮೊಟ್ಟೆ ಸಿಕ್ಕರೂ ಸಿಕ್ಕೀತು. ನಗಬೇಡಿ, ನಮ್ಮೂರ ಕಡೆ ಇದು ಮಾಮೂಲು.

ಈಗ ಹಳೆಯ ಕೇಬಲ್ ಟೈಗಳನ್ನೆಲ್ಲ ಕತ್ತರಿಸಿ ಎಲ್ಲವನ್ನೂ ಸಡಿಲ ಬಿಡಿ. ಕತ್ತರಿ ಬೇಕಾಗುವುದು ಇದಕ್ಕೆ. ವೈರಿಗೆ ತಾಗದ ಹಾಗೆ, ಟೈಯ ತಲೆಯ ಹತ್ತಿರ ಕತ್ತರಿಸಿ.

ಮೊದಲು ದೊಡ್ಡದು, ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ಕೇಬಲ್. ಅದನ್ನು ಎಸ್‌ಎಂಪಿಎಸ್‌ನಿಂದ ನೇರ ಬೋರ್ಡಿಗೆ ಅಡ್ಡ ಎಳೆದಿರುತ್ತಾರೆ. ಬಿಡಿಸಿ ಬೋರ್ಡಿನ ಹಿಂದಕ್ಕೆ ಒಯ್ದು, ಪ್ಲಗ್ಗಿನ ಎದುರಿಗೇ ಇರುವ ಕಿಂಡಿಯಿಂದ ಮುಂದಕ್ಕೆ ತನ್ನಿ. ಕಿಂಡಿಯಿಂದ ಪ್ಲಗ್ಗಿಗೆ ನಾಲ್ಕು ಬೆರಳಿನಷ್ಟು ಮಾತ್ರ ಕಾಣಬೇಕು. ಜಾಸ್ತಿ ಉಳಿದದ್ದು ಹಿಂದಿರಲಿ. ಪ್ಲಗ್ ಒತ್ತುವಾಗ ಬೋರ್ಡಿನ ಆ ಅಂಚಿಗೆ ಇನ್ನೊಂದು ಕೈಯ ಬೆರಳು ಆನಿಸಿ. ಬೋರ್ಡು ಬಾಗಬಾರದು. ಕೊಂಡಿ ಕಟಕ್ ಅನ್ನಬೇಕು.

ಆಮೇಲೆ ಪ್ರೊಸೆಸರಿನ 8 ಪಿನ್. ಬೋರ್ಡಿನ ಮೇಲಿನ ಎಡ ಮೂಲೆಯಲ್ಲಿರುವುದು. ಅಲ್ಲಿನ ಕಿಂಡಿ ಇಕ್ಕಟ್ಟು, ಬೋರ್ಡು ಕೂರಿಸಿದ ಮೇಲೆ ಕೇಬಲ್ ತೂರುವುದಿಲ್ಲ ಅಂತ ಅಸೆಂಬಲ್ ಮಾಡುವವರು ಮುಂದಿನಿಂದಲೇ ಎಳೆದು ಕೈ ತೊಳೆದುಕೊಳ್ಳುತ್ತಾರೆ. ಒಂದು ಉಪಾಯ ಇದೆ. ಆ ಪ್ಲಗ್ಗು ಸಾಮಾನ್ಯವಾಗಿ ನಾಲ್ಕು ಮತ್ತು ನಾಲ್ಕಾಗಿ ಎರಡು ಹೋಳಾಗುತ್ತದೆ. ಬಿಡಿಸಿ ಒಂದೊಂದೇ ಹೋಳನ್ನು ತೂರಿಸಿ, ಈಚೆ ಬಂದ ಮೇಲೆ ಜೋಡಿಸಿ. ಒಂದು ಎಚ್ಚರಿಕೆ: ಗ್ರಾಫಿಕ್ಸ್ ಕಾರ್ಡಿನ 8 ಪಿನ್ನೂ ನೋಡಲು ಹೀಗೇ ಇರುತ್ತದೆ. ಆದರೆ ಅದು ಆರು ಮತ್ತು ಎರಡಾಗಿ ಹೋಳಾಗುತ್ತದೆ, ಪ್ಲಸ್ ಮೈನಸ್ ಸಾಲುಗಳು ಅದಲು ಬದಲು. ಸರಿಯಾದದ್ದು ಮೆತ್ತಗೆ ಕೂರುತ್ತದೆ. ಕೂರದಿದ್ದರೆ ಬಲ ಹಾಕಬೇಡಿ, ನೀವು ಹಿಡಿದಿರುವುದು ಬೇರೆಯದು.

ಗ್ರಾಫಿಕ್ಸ್ ಕಾರ್ಡಿನ ಕೇಬಲ್ ಕೊನೆಯ ಒಂದೂವರೆ ಇಂಚು ನೆಟ್ಟಗೆ ಬಂದು ಪ್ಲಗ್ಗಿಗೆ ಸೇರಬೇಕು. ಬುಡದಲ್ಲೇ ಮಡಚಿದರೆ ಒಳಗಿನ ಪಿನ್ನು ಓರೆಯಾಗುತ್ತದೆ. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ ಹೊಸ 16 ಪಿನ್ನಿನ ಪ್ಲಗ್ ಕರಗಿದ ಸುದ್ದಿ ಓದಿರುತ್ತೀರಿ. ಹುಡುಕಿ ನೋಡಿದವರಿಗೆ ಮುಖ್ಯವಾಗಿ ಸಿಕ್ಕ ಕಾರಣ ಪೂರ್ತಿ ಒಳಗೆ ಕೂರದ ಪ್ಲಗ್ಗು. 600 ವ್ಯಾಟ್ ಅಂದರೆ 50 ಆಂಪಿಯರ್, ಆರು ಪಿನ್ನಿಗೆ ಹಂಚಿದರೂ ಒಂದೊಂದಕ್ಕೆ ಎಂಟರ ಮೇಲೆ. ನಿಮ್ಮದು ಹಳೆಯ 8 ಪಿನ್ನು, ಅಷ್ಟು ನಾಜೂಕಲ್ಲ. ಆದರೂ ಹಾಕಿದ ಮೇಲೆ ಅಂಚಿನಲ್ಲಿ ಉಗುರು ತೂರಿಸಿ ನೋಡಿ. ಉಗುರು ಹೋಗುವಷ್ಟು ಸಂದಿ ಉಳಿದಿದ್ದರೆ ಕೂತಿಲ್ಲ ಅಂತ ಅರ್ಥ.

ಸಾಟಾ ಡೇಟಾ ಕೇಬಲ್ಲನ್ನು ದೋಸೆಯ ಹಾಗೆ ಮಡಚಬೇಡಿ, ದುಂಡಗೆ ತಿರುಗಿಸಿ. ಫ್ಯಾನಿನ ಸಣ್ಣ ವೈರುಗಳನ್ನು ಫ್ಯಾನಿನ ಚೌಕಟ್ಟಿಗೇ ಒರಗಿಸಿ ತನ್ನಿ. ನಿಮ್ಮ ಕರ್ ಕರ್ ಅಲ್ಲೇ ಸಿಗುತ್ತದೆ. ಸಿಕ್ಕ ವೈರಿನ ಪ್ಲಾಸ್ಟಿಕ್ ಸವೆದು ತಾಮ್ರ ಕಾಣುತ್ತಿದ್ದರೆ ಆ ಫ್ಯಾನ್ ಬದಲಾಯಿಸಿ.

ಇಷ್ಟಾದ ಮೇಲೆ ಕಟ್ಟಬೇಡಿ! ಮೊದಲು ಪವರ್ ಕೊಟ್ಟು ಆನ್ ಮಾಡಿ. ಎಲ್ಲ ಫ್ಯಾನ್ ತಿರುಗುತ್ತವಾ, ಹಾರ್ಡ್ ಡಿಸ್ಕ್ ಕಾಣುತ್ತದಾ, ಮುಂದಿನ ಯುಎಸ್‌ಬಿ ಕೆಲಸ ಮಾಡುತ್ತದಾ ನೋಡಿ. ಹೊಸದರಲ್ಲಿ ನಾನು ಪೂರ್ತಿ ಕಟ್ಟಿ ಮುಗಿಸಿ, ಆನ್ ಮಾಡಿ, ತಲೆ ಚಚ್ಚಿಕೊಂಡು ಮತ್ತೆ ಎಲ್ಲ ಕತ್ತರಿಸಿದ್ದು ಎಷ್ಟು ಸಲವೋ. ಸರಿ ಇದ್ದರೆ ಮತ್ತೆ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಕಟ್ಟಲು ಕೂರಿ.

ಕಟ್ಟಲು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ನಾಲ್ಕಿಂಚಿನ ಸಣ್ಣ ಕೇಬಲ್ ಟೈ ಸಾಕು. ವೆಲ್ಕ್ರೋ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು, ಬಿಚ್ಚಿ ಕಟ್ಟಬಹುದು. ರಬ್ಬರ್ ಬ್ಯಾಂಡ್ ಬೇಡ, ಬಿಸಿಗೆ ಆರು ತಿಂಗಳಲ್ಲಿ ಒಣಗಿ ತುಂಡಾಗುತ್ತದೆ, ಇಲ್ಲವೇ ಅಂಟಂಟಾಗುತ್ತದೆ. ಚಾರ್ಜರ್ ಜೊತೆ ಬರುವ ತಿರುಚುವ ಕಟ್ಟಿನೊಳಗೆ ಕಬ್ಬಿಣದ ತಂತಿ ಇರುತ್ತದೆ, ಅದೂ ಬೇಡ. ಒಬ್ಬರು ಹೂ ಕಟ್ಟುವ ದಾರದಲ್ಲಿ ಕಟ್ಟಿ ತಂದಿದ್ದರು, ಏನೂ ತಪ್ಪಿಲ್ಲ. ವಿಮಾನಗಳ ವೈರುಗಳನ್ನು ಮೇಣ ಹಚ್ಚಿದ ದಾರದಿಂದಲೇ ಕೈಯಲ್ಲಿ ಕಟ್ಟುತ್ತಿದ್ದರು. ಆ ಗಂಟು ಹಾಕಿ ಹಾಕಿ ಕೆಲಸದವರ ಬೆರಳು ನೋಯುತ್ತಿದ್ದದ್ದನ್ನು ಕಂಡೇ ಅಮೆರಿಕದ ಥಾಮಸ್ ಆ್ಯಂಡ್ ಬೆಟ್ಸ್ ಕಂಪನಿಯ ಮೌರಸ್ ಲೋಗನ್ 1958ರಲ್ಲಿ ಕೇಬಲ್ ಟೈ ತಂದರು.

ಟೈಯನ್ನು ಗಟ್ಟಿಯಾಗಿ ಜಗ್ಗಬೇಡಿ. ಕಟ್ಟಿದ ಮೇಲೆ ವೈರುಗಳು ಅದರೊಳಗೆ ಒಂಚೂರು ಜಾರಬೇಕು. ಬಾಲವನ್ನು ಓರೆಯಾಗಿ ಕತ್ತರಿಸಿದರೆ ಉಳಿದ ತುದಿ ಬ್ಲೇಡಿನ ಹಾಗೆ. ಮುಂದಿನ ಸಲ ಕೈ ಹಾಕಿದಾಗ ಗೀರುತ್ತದೆ, ನನ್ನ ಬೆರಳ ಹಿಂದೆಲ್ಲ ಅದರ ಗುರುತುಗಳೇ. ನೇಲ್ ಕಟರ್‌ನಿಂದ ತಲೆಗೆ ಸಮವಾಗಿ ಕತ್ತರಿಸಿ.

ಪ್ಯಾನೆಲ್ ಯಾಕೆ ಮುಚ್ಚುತ್ತಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಬೋರ್ಡಿನ ಹಿಂದೆ ಸಾಮಾನ್ಯವಾಗಿ ಇರುವುದು ಒಂದು ಇಂಚು ಜಾಗ, ಅಗ್ಗದ ಕ್ಯಾಬಿನೆಟ್ ಆದರೆ ಇನ್ನೂ ಕಮ್ಮಿ. ಅಲ್ಲಿ ವೈರನ್ನು ಹೊರೆ ಕಟ್ಟಿದರೆ ಉಬ್ಬುತ್ತದೆ, ಚಾಪೆಯ ಹಾಗೆ ಪಕ್ಕಪಕ್ಕ ಹಾಸಿದರೆ ತೆಳುವಾಗುತ್ತದೆ. 24 ಪಿನ್ನಿನ ಕೇಬಲ್ಲನ್ನು ಅಗಲವಾಗಿ ಹರಡಿ. ಒಂದರ ಮೇಲೊಂದು ಅಡ್ಡ ದಾಟುವ ಜಾಗಗಳನ್ನು ಆದಷ್ಟು ಕಮ್ಮಿ ಮಾಡಿ. ದಾಟಲೇಬೇಕಾದರೆ ಮೂರು ಒಂದೇ ಕಡೆ ದಾಟದಿರಲಿ. ಬಳಸದ ಮೋಲೆಕ್ಸ್, ಸಾಟಾ ಎಳೆಗಳನ್ನು ಮಡಚಿ ಎಸ್‌ಎಂಪಿಎಸ್ ಪಕ್ಕದ ಜಾಗದಲ್ಲೋ, ಫ್ಯಾನಿಗೆ ಎದುರಲ್ಲದ ಡಿಸ್ಕ್ ಗೂಡಿನಲ್ಲೋ ಇಡಿ. ಆಮೇಲೆ ಅಂಗೈಯನ್ನು ಹಿಂಬದಿಯ ಮೇಲೆ ನಿಧಾನವಾಗಿ ಸವರಿ ನೋಡಿ. ಎಲ್ಲಿ ಎತ್ತರ ಸಿಗುತ್ತದೋ ಅಲ್ಲಿ ಮಾತ್ರ ಬಿಚ್ಚಿ ಸರಿಮಾಡಿ. ಪ್ಯಾನೆಲ್ ಎರಡು ಬೆರಳಿನ ಬಲಕ್ಕೆ ಜಾರಿ ಕೂರಬೇಕು. ಮೊಣಕಾಲು ಬೇಕಾಗುತ್ತಿದೆ ಅಂದರೆ ಒಳಗಿನ ಯಾವುದೋ ಪ್ಲಗ್ಗು ಆ ಒತ್ತಡ ತಿನ್ನುತ್ತಿದೆ.

ಕನ್ವರ್ಟರ್ ತೆಗೆದರೆ ಕಾರ್ಡಿಗೆ ಎರಡನೆಯ ಪ್ಲಗ್ಗು ಎಲ್ಲಿಂದ ತರುವುದು ಅಂತ ನಿಮ್ಮ ಮುಂದಿನ ಪ್ರಶ್ನೆ. ಅದಕ್ಕೆ ಎಸ್‌ಎಂಪಿಎಸ್‌ನ ಪಕ್ಕದ ಸ್ಟಿಕರ್ ಓದಬೇಕು. ಮೇಲೆ ದೊಡ್ಡದಾಗಿ ಬರೆದ 450, 500 ಬಿಟ್ಟುಬಿಡಿ. ಒಳಗಿನ ಕೋಷ್ಟಕದಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ, 12ರಿಂದ ಗುಣಿಸಿ. 25 ಆಂಪಿಯರ್ ಇದ್ದರೆ 300 ವ್ಯಾಟ್, ಅಷ್ಟೇ ನಿಮ್ಮ ಬಂಡವಾಳ. ಎರಡು 8 ಪಿನ್ನಿನ ಕಾರ್ಡು ತಾನೊಂದೇ ಅದರ ಬಹುಪಾಲು ಕೇಳಬಹುದು. ಒಂದೇ 8 ಪಿನ್ ಕೊಟ್ಟ ಎಸ್‌ಎಂಪಿಎಸ್, ಎರಡು ಕೇಳುವ ಕಾರ್ಡಿಗೆ ಸಾಲುವುದು ಅಪರೂಪ. ಅಂಗಡಿಯವರು ಕ್ಯಾಬಿನೆಟ್ ಬದಲಾಯಿಸಿ ಅಂದರಲ್ಲ, ಆ ದುಡ್ಡು ಇಲ್ಲಿಗೆ ಹಾಕಬೇಕಾಗಬಹುದು. ಸ್ಟಿಕರಿನ ಒಂದು ಫೋಟೋ, ಕಾರ್ಡಿನ ಮಾಡೆಲ್ ಎರಡೂ ಕಳಿಸಿ. ಅಲ್ಲಿಯವರೆಗೆ ಕಾರ್ಡ್ ತೆಗೆದಿಟ್ಟು, ನಿಮ್ಮ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇದ್ದರೆ ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗೇ ಹಾಕಿಕೊಳ್ಳಿ.